ಬಳ್ಳಾರಿಯ ಮತ: ಗಣಿಯ ಹಣವೋ, ಸಮುದಾಯದ ಬಲವೋ, ರಾಜ್ಯದ ಗಾಳಿಯೋ?

ಬಳ್ಳಾರಿ ಲೋಕಸಭಾ ಕ್ಷೇತ್ರದ ಬಗ್ಗೆ ಕರ್ನಾಟಕದಲ್ಲಿ ಎಲ್ಲರ ಬಾಯಲ್ಲೂ ಇರುವ ಕಥೆ ಒಂದೇ. ಅದು ಕಾಂಗ್ರೆಸ್ಸಿನ ಭದ್ರಕೋಟೆಯಾಗಿತ್ತು. 1999ರಲ್ಲಿ ಸುಷ್ಮಾ ಸ್ವರಾಜ್ ಬಂದು ಅದರ ಬಾಗಿಲು ತಟ್ಟಿದರು, ಗಣಿ ಧಣಿಗಳು ಹಣ ಸುರಿದು ಒಳನುಗ್ಗಿದರು, ಗಣಿ ನಿಂತ ಮೇಲೆ ಕೋಟೆ ಮತ್ತೆ ಹಳೆಯ ಒಡೆಯರ ಕೈಸೇರಿತು. ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳಲ್ಲೂ ಟಿವಿ ಚರ್ಚೆಗಳಲ್ಲೂ ಇದೇ ಕಥೆ ಮರಳಿ ಬರುತ್ತದೆ. ಫಲಿತಾಂಶಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಮಾತ್ರ ಇದು ಅಲ್ಲಲ್ಲಿ ತಾಳೆಯಾಗುವುದಿಲ್ಲ. ಗಣಿಯ ಹಣ ಉಕ್ಕಿ ಹರಿಯುತ್ತಿದ್ದ 2009ರಲ್ಲಿ ಬಿಜೆಪಿ ಇಲ್ಲಿ ಗೆದ್ದದ್ದು 2,243 ಮತಗಳಿಂದ. ಗಣಿಗಳಿಗೆ ಬೀಗ ಬಿದ್ದು ಗಣಿ ಧಣಿ ಜನಾರ್ದನ ರೆಡ್ಡಿ ಜೈಲಿನಲ್ಲಿದ್ದ 2014ರಲ್ಲಿ ಅದೇ ಪಕ್ಷ ಗೆದ್ದದ್ದು 85,144 ಮತಗಳಿಂದ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟಾಗ ಏಳುವ ಪ್ರಶ್ನೆಗೆ ಉತ್ತರ ಕೊಡಲು ಹೊರಟವರು ಹಲವರು. ಯಾರ ಉತ್ತರ ಎಲ್ಲಿಯವರೆಗೆ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಮದ್ರಾಸಿನಿಂದ ಮೈಸೂರಿಗೆ

ಮೊದಲ ಸಾರ್ವತ್ರಿಕ ಚುನಾವಣೆ ನಡೆದಾಗ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. ಗೆದ್ದವರು ಕಾಂಗ್ರೆಸ್ಸಿನ ಟೇಕೂರು ಸುಬ್ರಹ್ಮಣ್ಯಂ. ಆಂಧ್ರ ರಾಜ್ಯ ಹುಟ್ಟಿದ 1953ರ ಅಕ್ಟೋಬರ್ 1ರಂದು ಜಿಲ್ಲೆ ಇಬ್ಭಾಗವಾಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕು ಯಾರಿಗೆ ಸೇರಬೇಕೆಂಬ ಜಗಳ ಎಷ್ಟು ಬಿಸಿಯಾಗಿತ್ತೆಂದರೆ ಅದನ್ನು ಬಿಡಿಸಲು ನ್ಯಾಯಮೂರ್ತಿ ಮಿಶ್ರಾ ಅವರ ಆಯೋಗವೇ ಬೇಕಾಯಿತು. ಇಷ್ಟು ತೀವ್ರವಾದ ಭಾಷಾ ಹೋರಾಟ ಕಂಡ ಊರಿನಲ್ಲಿ ಆ ಗಾಯ ಲೋಕಸಭೆಯ ಮತದಲ್ಲಿ ಕಾಣಿಸಲೇ ಇಲ್ಲ ಎಂಬುದು ನನಗೆ ಮುಖ್ಯವಾಗಿ ತೋರುತ್ತದೆ. ಮದ್ರಾಸಿನಲ್ಲಿದ್ದಾಗ ಆಯ್ಕೆಯಾಗಿದ್ದ ಟೇಕೂರರನ್ನೇ ಜನ 1957ರಲ್ಲೂ 1962ರಲ್ಲೂ ಮತ್ತೆ ಕಳಿಸಿದರು. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಆಡುವ ಈ ಸೀಮೆಯಲ್ಲಿ ಭಾಷೆಯನ್ನು ಮತದ ಗೆರೆಯಾಗಿಸಿ ಗೆದ್ದ ಪಕ್ಷ ಇಂದಿನವರೆಗೂ ಇಲ್ಲ.

1967 ಮತ್ತು 1971ರಲ್ಲಿ ಇಲ್ಲಿಂದ ಸಂಸತ್ತಿಗೆ ಹೋದವರು ವಿ.ಕೆ.ಆರ್.ವಿ. ರಾವ್. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದ, ಮುಂದೆ ಬೆಂಗಳೂರಿನಲ್ಲಿ ಐಸೆಕ್ ಸಂಶೋಧನಾ ಸಂಸ್ಥೆ ಸ್ಥಾಪಿಸಿದ ಅರ್ಥಶಾಸ್ತ್ರಜ್ಞ. ಇಂದಿರಾ ಗಾಂಧಿ ಸಂಪುಟದಲ್ಲಿ ಸಚಿವರಾಗಿದ್ದವರು. ಅವರಿಗೆ ಬಳ್ಳಾರಿಯಲ್ಲಿ ಬೇರಿರಲಿಲ್ಲ. ಹೊರಗಿನ ದೊಡ್ಡ ಹೆಸರನ್ನು ಇಲ್ಲಿ ನಿಲ್ಲಿಸಿ ಗೆಲ್ಲಿಸುವ ಪದ್ಧತಿ 1999ರಲ್ಲಿ ಶುರುವಾದದ್ದಲ್ಲ ಎಂಬುದಕ್ಕೆ ಇಷ್ಟು ಸಾಕು. 1977ರಲ್ಲಿ ಕೆ.ಎಸ್. ವೀರಭದ್ರಪ್ಪ, 1980ರಲ್ಲಿ ಸಂಡೂರು ರಾಜಮನೆತನದ ಆರ್.ವೈ. ಘೋರ್ಪಡೆ ಗೆದ್ದರು. ಇದೇ ಮನೆತನ 1950ರ ದಶಕದಲ್ಲೇ ಸಂಡೂರು ಮ್ಯಾಂಗನೀಸ್ ಕಂಪನಿ ಸ್ಥಾಪಿಸಿತ್ತು. ಎಂ.ವೈ. ಘೋರ್ಪಡೆ ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದರು. ಗಣಿಯವರು ಬಳ್ಳಾರಿ ರಾಜಕಾರಣಕ್ಕೆ ಬಂದದ್ದು 2000ದ ಈಚೆಗೆ ಎನ್ನುವವರು ಈ ಅಧ್ಯಾಯವನ್ನು ಮರೆತಿರುತ್ತಾರೆ.

ಆಮೇಲೆ ಬಸವರಾಜೇಶ್ವರಿಯವರ ಕಾಲ. 1984, 1989, 1991, ಸತತ ಮೂರು ಗೆಲುವು. ನರಸಿಂಹ ರಾವ್ ಸರ್ಕಾರದಲ್ಲಿ ಅವರು ಮಹಿಳಾ ಮತ್ತು ಮಕ್ಕಳ ಕಲ್ಯಾಣದ ರಾಜ್ಯ ಸಚಿವೆಯೂ ಆದರು. ಮುಂದೆ 1999ರಲ್ಲಿ ಸೋನಿಯಾ ಗಾಂಧಿ, 2009ರಲ್ಲಿ ಜೆ. ಶಾಂತಾ ಗೆದ್ದದ್ದನ್ನೂ ಸೇರಿಸಿದರೆ ಈ ಕ್ಷೇತ್ರ ಐದು ಸಲ ಹೆಣ್ಣುಮಕ್ಕಳನ್ನು ಲೋಕಸಭೆಗೆ ಕಳಿಸಿದೆ. ಬಳ್ಳಾರಿ ಎಂದರೆ ತೋಳ್ಬಲ, ಹಣಬಲ ಎಂದಷ್ಟೇ ಬರೆಯುವವರ ಲೇಖನಗಳಲ್ಲಿ ಈ ಸಂಗತಿಗೆ ಒಂದು ಸಾಲೂ ಸಿಗುವುದಿಲ್ಲ. ಮಹಿಳಾ ಮೀಸಲಾತಿಯ ಚರ್ಚೆ ನಡೆದಿರುವ ಈ ದಿನಗಳಲ್ಲಿ ಇದು ನೋವಿನ ಮರೆವು.

1996 ಮತ್ತು 1998ರಲ್ಲಿ ಕೆ.ಸಿ. ಕೊಂಡಯ್ಯ ಗೆದ್ದರು. ಈ ಎರಡು ಗೆಲುವುಗಳ ಬಗ್ಗೆ ಮುಂದೆ ಹೇಳುವುದಿದೆ.

1999: ತಿರುವು ಎಂಬ ವಾದ

ಕಾಂಗ್ರೆಸ್ ಅಧ್ಯಕ್ಷೆ ಸೋನಿಯಾ ಗಾಂಧಿ ಅಮೇಠಿಯ ಜತೆಗೆ ಬಳ್ಳಾರಿಯಿಂದಲೂ ನಾಮಪತ್ರ ಸಲ್ಲಿಸಿದ್ದು 1999ರ ಆಗಸ್ಟಿನಲ್ಲಿ. ಅವರ ಎದುರು ಬಿಜೆಪಿ ಸುಷ್ಮಾ ಸ್ವರಾಜ್ ಅವರನ್ನು ಕಳಿಸಿತು. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಸಭೆಗಳಲ್ಲಿ ಮಾತಾಡಿದರು, ಊರಿನ ಹೆಂಗಸರ ಜತೆ ವರಮಹಾಲಕ್ಷ್ಮಿ ವ್ರತಕ್ಕೆ ಕೂತರು. ಸೋತ ಮೇಲೂ ಹಲವು ವರ್ಷ ಆ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಲೇ ಇದ್ದರು. ಸೋನಿಯಾ ಅವರಿಗೆ 4,14,650 ಮತ, ಸುಷ್ಮಾ ಅವರಿಗೆ 3,58,550 ಮತ, ಅಂತರ 56,100. ಸೋನಿಯಾ ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. 2000ದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೋಳೂರು ಬಸವನಗೌಡರು ಗೆದ್ದರು.

ಮೊದಲ ಪಂಥದ ವಿಶ್ಲೇಷಕರ ಪ್ರಕಾರ ಬಳ್ಳಾರಿಯ ಆಧುನಿಕ ಇತಿಹಾಸ ಶುರುವಾಗುವುದೇ ಇಲ್ಲಿಂದ. ನೆಲೆಯೇ ಇಲ್ಲದ ಪಕ್ಷಕ್ಕೆ ಒಂದೇ ಏಟಿಗೆ ಮೂರೂವರೆ ಲಕ್ಷ ಮತ ಬಂತು, ಕಾರ್ಯಕರ್ತರ ಪಡೆ ಸಿಕ್ಕಿತು. ಜನಾರ್ದನ ರೆಡ್ಡಿ ಸೇರಿದಂತೆ ರೆಡ್ಡಿ ಸಹೋದರರು, ಬಿ. ಶ್ರೀರಾಮುಲು ಮುಂತಾದವರಿಗೆ ದೆಹಲಿಯ ಬಾಗಿಲು ತೆರೆಯಿತು. ಗೆಲ್ಲಿಸಿ ಕಳಿಸಿದ ನಾಯಕಿ ಬಿಟ್ಟುಹೋದರೆಂಬ ಬೇಸರವೂ ಅದಕ್ಕೆ ಸೇರಿತು. 2004ರಲ್ಲಿ ಆ ಸಹೋದರರಲ್ಲೊಬ್ಬರಾದ ಜಿ. ಕರುಣಾಕರ ರೆಡ್ಡಿ ಬಿಜೆಪಿಗೆ ಮೊದಲ ಗೆಲುವು ತಂದದ್ದು ಈ ಬುನಾದಿಯ ಮೇಲೆ.

ಈ ವಾದದಲ್ಲಿ ಹುರುಳಿದೆ. ಗಣಿಯ ಹಣ ಬರುವುದಕ್ಕೆ ಮೊದಲೇ ಬಿಜೆಪಿಗೆ ಇಲ್ಲಿ ಮತ ಬಿದ್ದಿತ್ತೆಂದು ಇದು ತೋರಿಸುತ್ತದೆ. ಆದರೆ ಸೋನಿಯಾ ಬಿಟ್ಟುಹೋದ ಬೇಸರವೇ ಕಾರಣವಾಗಿದ್ದರೆ ಅದರ ಏಟು ಬೀಳಬೇಕಾದದ್ದು 2000ದ ಉಪಚುನಾವಣೆಯಲ್ಲಿ. ಅಲ್ಲಿ ಕಾಂಗ್ರೆಸ್ಸೇ ಗೆದ್ದಿತು. ಶ್ರೀರಾಮುಲು ಕೂಡ 1999ರ ವಿಧಾನಸಭಾ ಚುನಾವಣೆಯಲ್ಲಿ ಸೋತಿದ್ದರು.

ಗಣಿ ಹಣದ ವಾದ

ಎರಡನೆಯದು ಎಲ್ಲಕ್ಕಿಂತ ಪ್ರಬಲವಾದ, ನಾಡಿನಾಚೆಗೂ ಹಬ್ಬಿರುವ ವಾದ. ಚೀನಾದ ಬೇಡಿಕೆಯಿಂದ 2003ರ ನಂತರ ಕಬ್ಬಿಣದ ಅದಿರಿನ ಬೆಲೆ ಏರಿತು. ರಾಜ್ಯ ಸರ್ಕಾರ ಮೀಸಲಿಟ್ಟಿದ್ದ ಗಣಿ ಪ್ರದೇಶವನ್ನು ಖಾಸಗಿಯವರಿಗೆ ತೆರೆದದ್ದೂ ಆ ವರ್ಷವೇ. ಆಂಧ್ರದ ಗಡಿಯಲ್ಲಿ ರೆಡ್ಡಿ ಸಹೋದರರ ಓಬಳಾಪುರಂ ಗಣಿ ಕಂಪನಿ ಬೆಳೆಯಿತು. 2008ರಲ್ಲಿ ಬಿ.ಎಸ್. ಯಡಿಯೂರಪ್ಪ ಸರ್ಕಾರ ಬಂದಾಗ ಬಳ್ಳಾರಿಯವರು ಸಂಪುಟದಲ್ಲಿ ಬಲವಾಗಿ ಕೂತರು. ಜಿಲ್ಲೆಯ 9 ವಿಧಾನಸಭಾ ಕ್ಷೇತ್ರಗಳಲ್ಲಿ 8 ಬಿಜೆಪಿಗೆ ಬಂದಿದ್ದವು. ಸಂಡೂರು ಒಂದು ಮಾತ್ರ ಕಾಂಗ್ರೆಸ್ಸಿನ ಈ. ತುಕಾರಾಂ ಅವರಲ್ಲಿ ಉಳಿದಿತ್ತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ಜುಲೈ ವರದಿ ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು, ಯಡಿಯೂರಪ್ಪ ರಾಜೀನಾಮೆ ಕೊಟ್ಟರು, ಸೆಪ್ಟೆಂಬರ್‌ನಲ್ಲಿ ಸಿಬಿಐ ಜನಾರ್ದನ ರೆಡ್ಡಿಯವರನ್ನು ಬಂಧಿಸಿತು.

ಈ ಲೂಟಿ ನಡೆದದ್ದು ನಿಜ. ಅದರಿಂದ ನೆಲ, ನೀರು, ಕಾಡು ಹಾಳಾದದ್ದು ನಿಜ. ಲಾರಿಗಳ ಕೆಂಧೂಳಿನಲ್ಲಿ ಬೆಳೆ ಕಳೆದುಕೊಂಡ ರೈತರ ಸಂಕಟವನ್ನು ಯಾವ ಚುನಾವಣಾ ಲೆಕ್ಕವೂ ಹಗುರ ಮಾಡಲಾರದು. ಇಲ್ಲಿ ನಾನು ಕೇಳುವುದು ಅದಕ್ಕಿಂತ ಸಣ್ಣ ಪ್ರಶ್ನೆ: ಆ ಹಣ ಲೋಕಸಭೆಯ ಮತವನ್ನು ಕೊಂಡಿತೇ? ಬಿಜೆಪಿ ಮೊದಲು ಗೆದ್ದ 2004 ಗಣಿ ಸಂಪತ್ತಿನ ಆರಂಭದ ಕಾಲ. ಸಂಪತ್ತು ಶಿಖರ ಮುಟ್ಟಿದಾಗ, ಅಧಿಕಾರವೂ ಕೈಯಲ್ಲಿದ್ದಾಗ ನಡೆದದ್ದು 2009ರ ಚುನಾವಣೆ. ಶ್ರೀರಾಮುಲು ಅವರ ತಂಗಿ ಶಾಂತಾಗೆ 4,02,213 ಮತ, ಕಾಂಗ್ರೆಸ್ಸಿನ ಎನ್.ವೈ. ಹನುಮಂತಪ್ಪನವರಿಗೆ 3,99,970 ಮತ. ಎಂಟು ಶಾಸಕರಿದ್ದ, ಸರ್ಕಾರವನ್ನೇ ನಡುಗಿಸುವ ಶಕ್ತಿಯಿದ್ದ ಗುಂಪು ಕೂದಲೆಳೆಯಲ್ಲಿ ಪಾರಾಯಿತು. ಹಣದ ವಾದ ಸರಿಯಾಗಿದ್ದರೆ ಅತಿ ದೊಡ್ಡ ಗೆಲುವು ಬರಬೇಕಾದದ್ದು ಆಗ. ಅದು ಬಂದದ್ದು ಐದು ವರ್ಷಗಳ ನಂತರ, ಗಣಿಗಳು ನಿಂತ ಮೇಲೆ.

ಇನ್ನೊಂದು ತೊಡಕಿದೆ. ಹಣ ಒಂದೇ ಕಡೆ ಇರಲಿಲ್ಲ. ಗಣಿ ಉದ್ಯಮದ ಲಾಡ್ ಕುಟುಂಬದವರು ಕಾಂಗ್ರೆಸ್ಸಿನಲ್ಲಿ ಶಾಸಕರಾದರು, ಸಚಿವರೂ ಆದರು. ವಾಲ್ಮೀಕಿ ಅಭಿವೃದ್ಧಿ ನಿಗಮದ ಹಣದಲ್ಲಿ ಒಂದಷ್ಟು 2024ರ ಬಳ್ಳಾರಿ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪರವಾಗಿ ಬಳಕೆಯಾಯಿತೆಂದು ಜಾರಿ ನಿರ್ದೇಶನಾಲಯ ಆರೋಪಿಸಿದೆ. ಅದು ನ್ಯಾಯಾಲಯ ತೀರ್ಮಾನಿಸಬೇಕಾದ ವಿಷಯ. ಎರಡೂ ಕಡೆ ಹಣ ಇರುವಲ್ಲಿ ಒಬ್ಬರು ಸೋತು ಒಬ್ಬರು ಗೆಲ್ಲುವುದಕ್ಕೆ ಹಣವೊಂದನ್ನೇ ಕಾರಣವಾಗಿ ಹೇಳಲಾಗುವುದಿಲ್ಲ. ಹಣವು ಅದಿಲ್ಲದವರು ಕಣಕ್ಕೇ ಇಳಿಯಲಾಗದಂತೆ ಮಾಡಿತು ಎನ್ನುವುದಾದರೆ ಒಪ್ಪುತ್ತೇನೆ. ಪ್ರಜಾಪ್ರಭುತ್ವಕ್ಕೆ ಆದ ಆಳವಾದ ಪೆಟ್ಟು ಅದು.

ನಾಯಕ ಸಮುದಾಯ ಮತ್ತು ಮೀಸಲು ಗೆರೆ

ಮೂರನೆಯ ಪಂಥ ಸಮಾಜದ ಒಳಗೆ ನೋಡುತ್ತದೆ. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಸಮುದಾಯಗಳು ರಾಜ್ಯದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. 2011ರ ಜನಗಣತಿಯ ಪ್ರಕಾರ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದವರು ಶೇ. 18ರಷ್ಟು. ಶಾಲೆ, ನೌಕರಿ, ರಾಜಕೀಯ ಮೂರರಲ್ಲೂ ಹೊಸ ಪೀಳಿಗೆ ಮೇಲೆ ಬಂತು. ಆ ಪೀಳಿಗೆಗೆ ಶ್ರೀರಾಮುಲು ಅವರಲ್ಲಿ ತಮ್ಮವನೊಬ್ಬ ಕಂಡ. ಲಿಂಗಾಯತರ ಮತ ಯಡಿಯೂರಪ್ಪನವರ ಕಡೆ ವಾಲಿದ್ದ ಕಾಲದಲ್ಲಿ ನಾಯಕರ ಮತ ಅದಕ್ಕೆ ಕೂಡಿದಾಗ ಬಿಜೆಪಿ ಗೆದ್ದಿತು ಎನ್ನುವುದು ಈ ವಾದದ ತಿರುಳು.

ಇದಕ್ಕೆ ಗಟ್ಟಿಯಾದ ಸಾಕ್ಷಿ 2011ರ ಬಳ್ಳಾರಿ ಗ್ರಾಮೀಣ ಉಪಚುನಾವಣೆ. ಬಿಜೆಪಿ ತೊರೆದು ಪಕ್ಷೇತರರಾಗಿ ನಿಂತ ಶ್ರೀರಾಮುಲು 46 ಸಾವಿರಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು, ಆಳುವ ಬಿಜೆಪಿಯ ಹುರಿಯಾಳು ಠೇವಣಿ ಕಳೆದುಕೊಂಡರು. ಮತ ಪಕ್ಷದ್ದಾಗಿರಲಿಲ್ಲ, ಮನುಷ್ಯನದಾಗಿತ್ತು. ಅವರು ಕಟ್ಟಿದ ಬಿಎಸ್‌ಆರ್ ಕಾಂಗ್ರೆಸ್ 2013ರಲ್ಲಿ ರಾಜ್ಯದಲ್ಲಿ 4 ಸ್ಥಾನ ಗೆದ್ದಿತು. 2014ರ ಲೋಕಸಭಾ ಚುನಾವಣೆಯ ಹೊತ್ತಿಗೆ ಅವರು ಬಿಜೆಪಿಗೆ ಮರಳಿದ್ದರು. ಅವರನ್ನು ಕರೆತಂದದ್ದಕ್ಕೆ ಪಕ್ಷದೊಳಗೆ ಬಹಿರಂಗವಾಗಿ ಆಕ್ಷೇಪಿಸಿದವರು ಸುಷ್ಮಾ ಸ್ವರಾಜ್. ಶ್ರೀರಾಮುಲು ಗೆದ್ದರು.

ಆದರೆ 2008ರ ಕ್ಷೇತ್ರ ಪುನರ್‌ವಿಂಗಡಣೆ ಈ ವಾದದ ಕೆಳಗಿನ ನೆಲವನ್ನೇ ಬದಲಿಸಿತು. ರಾಯಚೂರಿನಂತೆ ಬಳ್ಳಾರಿಯೂ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಸಿರುಗುಪ್ಪ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ ಹೋಯಿತು. ಹಡಗಲಿ, ಹಗರಿಬೊಮ್ಮನಹಳ್ಳಿ, ವಿಜಯನಗರ, ಕಂಪ್ಲಿ, ಬಳ್ಳಾರಿ ಗ್ರಾಮೀಣ, ಬಳ್ಳಾರಿ ನಗರ, ಸಂಡೂರು, ಕೂಡ್ಲಿಗಿ ಎಂಬ 8 ಕ್ಷೇತ್ರಗಳ ಈಗಿನ ರೂಪ ಬಂತು. ಮೀಸಲಾದ ಮೇಲೆ ಎರಡೂ ದೊಡ್ಡ ಪಕ್ಷಗಳ ಹುರಿಯಾಳುಗಳು ಒಂದೇ ಸಮುದಾಯದವರು. ಆಗ ಆ ಸಮುದಾಯದ ಮತ ಹಂಚಿಹೋಗುತ್ತದೆ, ತೀರ್ಪು ಉಳಿದವರ ಕೈಗೆ ಹೋಗುತ್ತದೆ. ದಲಿತರು, ಲಿಂಗಾಯತರು, ಕುರುಬರು, ಮುಸ್ಲಿಮರು, ಬಂಜಾರರು ಯಾರ ಕಡೆಗೆಂಬುದೇ ಪ್ರಶ್ನೆಯಾಗುತ್ತದೆ. ಮೀಸಲಾತಿ ನಾಯಕ ಸಮುದಾಯಕ್ಕೆ ಸಂಸದನನ್ನು ಖಾತ್ರಿಪಡಿಸಿತು. ಆ ಸಂಸದ ಯಾರೆಂದು ತೀರ್ಮಾನಿಸುವ ಕೀಲಿಯನ್ನು ಬೇರೆಯವರಿಗೆ ಕೊಟ್ಟಿತು. ಈ ಸೂಕ್ಷ್ಮವನ್ನು ಜಾತಿ ಲೆಕ್ಕಾಚಾರದ ಪಂಡಿತರು ಸಾಕಷ್ಟು ಗಮನಿಸಿಲ್ಲ.

ವ್ಯಕ್ತಿಬಲದ ಮಿತಿಯೂ ಆಮೇಲೆ ಕಂಡಿತು. ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇ. 3ರಿಂದ 7ಕ್ಕೆ ಏರಿಸಿದ ಬಿಜೆಪಿ 2023ರಲ್ಲಿ ಆ ಪಂಗಡಕ್ಕೆ ಮೀಸಲಾದ 15 ವಿಧಾನಸಭಾ ಕ್ಷೇತ್ರಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಶ್ರೀರಾಮುಲು ಸ್ವತಃ ಬಳ್ಳಾರಿ ಗ್ರಾಮೀಣದಲ್ಲಿ ಬಿ. ನಾಗೇಂದ್ರ ಎದುರು ಸೋತರು, ಮರುವರ್ಷ ಲೋಕಸಭೆಯಲ್ಲಿ ತುಕಾರಾಂ ಎದುರು 98,992 ಮತಗಳಿಂದ ಸೋತರು.

ರಾಜ್ಯದ ಗಾಳಿ

ನಾಲ್ಕನೆಯ ವಾದ ಅಷ್ಟು ರೋಚಕವಲ್ಲ, ಹಾಗಾಗಿ ಹೆಚ್ಚು ಚರ್ಚೆಯಾಗಿಲ್ಲ. ನನಗೆ ಮಾತ್ರ ಅತಿ ಹೆಚ್ಚು ಒಪ್ಪಿಗೆಯಾಗುವುದು ಇದೇ. ಬಳ್ಳಾರಿ ಮೈಸೂರಿಗೆ ಸೇರಿದ ಮೇಲಿನ ಫಲಿತಾಂಶಗಳನ್ನು ರಾಜ್ಯದ ಒಟ್ಟು ಫಲಿತಾಂಶದ ಪಕ್ಕ ಇಟ್ಟು ನೋಡಿ. 1957ರಿಂದ 1991ರವರೆಗೆ ಪ್ರತಿ ಲೋಕಸಭಾ ಚುನಾವಣೆಯಲ್ಲೂ ರಾಜ್ಯದಲ್ಲಿ ಕಾಂಗ್ರೆಸ್ಸೇ ಮುಂದು. 1971ರಲ್ಲಿ 27ಕ್ಕೆ 27, 1977ರಲ್ಲಿ 28ಕ್ಕೆ 26, 1989ರಲ್ಲಿ 27. ಇಂಥ ಕಾಲದಲ್ಲಿ ಬಳ್ಳಾರಿಯನ್ನು ಮಾತ್ರ ಕೋಟೆ ಎಂದು ಕರೆಯುವುದರಲ್ಲಿ ಅರ್ಥವಿಲ್ಲ. ಕರ್ನಾಟಕವೆಲ್ಲ ಕೋಟೆಯೇ ಆಗಿತ್ತು. 1999ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ 18 ಗೆದ್ದಾಗ ಬಳ್ಳಾರಿಯೂ ಅದರದ್ದು. ಬಿಜೆಪಿ 2004ರಲ್ಲಿ 18, 2009ರಲ್ಲಿ 19, 2014ರಲ್ಲಿ 17, 2019ರಲ್ಲಿ 25 ಗೆದ್ದಾಗ ಬಳ್ಳಾರಿಯೂ ಬಿಜೆಪಿಯದ್ದು.

ಹಾಗಿದ್ದರೆ ಬಳ್ಳಾರಿ ರಾಜ್ಯದ ಗಾಳಿಗೆ ಎದುರಾಗಿ ನಿಂತದ್ದು ಯಾವಾಗ? ಸಾರ್ವತ್ರಿಕ ಚುನಾವಣೆಗಳಲ್ಲಿ ಮೂರೇ ಸಲ. 1996ರಲ್ಲಿ ಜನತಾದಳ 16 ಗೆದ್ದು ಕಾಂಗ್ರೆಸ್ 5ಕ್ಕೆ ಕುಸಿದಾಗ ಆ ಐದರಲ್ಲಿ ಬಳ್ಳಾರಿ ಒಂದು. 1998ರಲ್ಲಿ ಬಿಜೆಪಿ 13, ಕಾಂಗ್ರೆಸ್ 9, ಬಳ್ಳಾರಿ ಕಾಂಗ್ರೆಸ್ಸಿಗೆ. 2024ರಲ್ಲಿ ಬಿಜೆಪಿ 17, ಕಾಂಗ್ರೆಸ್ 9. ಬಳ್ಳಾರಿ ಮತ್ತೆ ಕಾಂಗ್ರೆಸ್ಸಿಗೆ. ಮೂರು ಸಲವೂ ಅದು ಬೇರೆಯಾದದ್ದು ಕಾಂಗ್ರೆಸ್ಸಿನ ಕಡೆಗೆ. ಗಾಳಿಯ ವಿರುದ್ಧ ಬಿಜೆಪಿಯನ್ನು ಗೆಲ್ಲಿಸಿದ ಉದಾಹರಣೆ ಒಂದೂ ಇಲ್ಲ. ಗಣಿ ಧಣಿಗಳು ಗೆದ್ದುಕೊಂಡ ಕೋಟೆ ಎಂಬ ಕಥೆ ಇಲ್ಲಿ ಅಲುಗಾಡುತ್ತದೆ. ರಾಜ್ಯವೆಲ್ಲ ಬಿಜೆಪಿಯತ್ತ ವಾಲಿದ ವರ್ಷಗಳಲ್ಲಿ ಬಳ್ಳಾರಿಯೂ ವಾಲಿತು, ಅದೂ ಒಮ್ಮೆ ಬಹಳ ಅನುಮಾನಿಸುತ್ತ.

ಈ ವಾದಕ್ಕೂ ತನ್ನದೇ ಕೊರತೆಯಿದೆ. ಗಾಳಿ ಎಲ್ಲಿಂದ ಬಂತೆಂದು ಅದು ಹೇಳುವುದಿಲ್ಲ. ಯಾರು ಗೆದ್ದರೆಂದು ತಿಳಿಸುತ್ತದೆ, ಅಂತರ ಏಕೆ ಹಿಗ್ಗಿತು, ಕುಗ್ಗಿತು ಎಂದು ತಿಳಿಸುವುದಿಲ್ಲ. 2008ರಲ್ಲಿ ಈ ಕ್ಷೇತ್ರದ ಎಂಟರಲ್ಲಿ ಏಳು ಶಾಸಕರನ್ನು ಕೊಟ್ಟ ಜನ ಮರುವರ್ಷ ಅದೇ ಪಕ್ಷಕ್ಕೆ ಎರಡು ಸಾವಿರದಷ್ಟೇ ಮುನ್ನಡೆ ಕೊಟ್ಟದ್ದೇಕೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ವಿಧಾನಸಭೆಗೆ ಒಂದು, ಲೋಕಸಭೆಗೆ ಒಂದು

ಕರ್ನಾಟಕದ ಮತದಾರ ಎರಡು ಚುನಾವಣೆಗಳನ್ನು ಬೇರೆ ಬೇರೆಯಾಗಿ ತೂಗುತ್ತಾನೆ ಎಂಬ ಮಾತು 1984ರಿಂದ ಇದೆ. ಆಗ ಲೋಕಸಭೆಗೆ ಕಾಂಗ್ರೆಸ್ಸಿನ 24 ಮಂದಿಯನ್ನು ಕಳಿಸಿದ ರಾಜ್ಯ ಕೆಲವೇ ತಿಂಗಳಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ಶಾಸಕರನ್ನು ಕೊಟ್ಟಿತು. ಬಳ್ಳಾರಿಯಲ್ಲಿ ಇದರ ತೀಕ್ಷ್ಣ ರೂಪ ಕಂಡದ್ದು 2018-19ರಲ್ಲಿ. ಶ್ರೀರಾಮುಲು ಶಾಸಕರಾಗಿ ಮೊಳಕಾಲ್ಮುರಿಗೆ ಹೋದದ್ದರಿಂದ 2018ರ ನವೆಂಬರಿನಲ್ಲಿ ಉಪಚುನಾವಣೆ ನಡೆಯಿತು. ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರವಿತ್ತು, ಉಸ್ತುವಾರಿ ಡಿ.ಕೆ. ಶಿವಕುಮಾರ್ ಅವರದು. ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ 2,43,161 ಮತಗಳಿಂದ ಗೆದ್ದರು. ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಉಗ್ರಪ್ಪ ಬಿಜೆಪಿಯ ವೈ. ದೇವೇಂದ್ರಪ್ಪ ಎದುರು 55,707 ಮತಗಳಿಂದ ಸೋತರು.

ಎಂಟು ವಿಧಾನಸಭಾ ಕ್ಷೇತ್ರಗಳ ಲೆಕ್ಕ ಹಿಡಿದರೂ ಒಗಟು ಬಿಡುವುದಿಲ್ಲ. 2018ರಲ್ಲಿ ಈ ಎಂಟರಲ್ಲಿ ಆರು ಕಾಂಗ್ರೆಸ್ಸಿಗೆ. 2019ರ ಲೋಕಸಭೆಯಲ್ಲಿ ಸೋಲು. 2023ರಲ್ಲೂ ಎಂಟರಲ್ಲಿ ಆರು. 2024ರಲ್ಲಿ ಭರ್ಜರಿ ಗೆಲುವು. ಶಾಸಕರ ಸಂಖ್ಯೆ ಒಂದೇ, ಫಲಿತಾಂಶ ಎರಡು ಬಗೆ. ಶಾಸಕರು ಮತ ಹಾಕಿಸುತ್ತಾರೆ ಎಂಬ ಪಕ್ಷದ ಕಚೇರಿಗಳ ನಂಬಿಕೆಗೆ ಇದಕ್ಕಿಂತ ಸ್ಪಷ್ಟವಾದ ಎದುರುತ್ತರ ಬೇಕಿಲ್ಲ.

ಇನ್ನೂ ತೀರದ ಪ್ರಶ್ನೆಗಳು

2018 ಮತ್ತು 2019ರ ನಡುವೆ ನಡೆದ ಸುಮಾರು ಮೂರು ಲಕ್ಷ ಮತಗಳ ಹೊರಳು ಮೊದಲನೆಯದು. ಉಪಚುನಾವಣೆಗೆ ಮನೆಯಲ್ಲೇ ಉಳಿದವರು 2019ರಲ್ಲಿ ಬಂದು ಬಿಜೆಪಿಗೆ ಹಾಕಿದರೋ, ಅಥವಾ ನವೆಂಬರಿನಲ್ಲಿ ಕಾಂಗ್ರೆಸ್ಸಿಗೆ ಹಾಕಿದವರೇ ಪ್ರಧಾನಿಯ ಆಯ್ಕೆ ಎಂದಾಗ ಮನಸ್ಸು ಬದಲಿಸಿದರೋ? ಎರಡಕ್ಕೂ ರಾಜಕೀಯ ಅರ್ಥ ಬೇರೆ ಬೇರೆ.

ಎರಡನೆಯದು 2024. ಆ ವರ್ಷ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಹೀಗೆ ಕಲ್ಯಾಣ ಕರ್ನಾಟಕದ ಐದೂ ಸ್ಥಾನ ಕಾಂಗ್ರೆಸ್ಸಿಗೆ ಬಂದವು. ಆದ್ದರಿಂದ ಬಳ್ಳಾರಿಯ ಗೆಲುವು ಬಳ್ಳಾರಿಯದೋ, ಪ್ರದೇಶದ್ದೋ? ಮಲ್ಲಿಕಾರ್ಜುನ ಖರ್ಗೆಯವರ ಅಧ್ಯಕ್ಷಗಿರಿ, ಸಂವಿಧಾನದ 371ಜೆ ವಿಧಿ, ಗ್ಯಾರಂಟಿ ಯೋಜನೆಗಳು, ಸಂಡೂರಿನಲ್ಲಿ ತುಕಾರಾಂ ಅವರ ಸತತ ಗೆಲುವುಗಳು, ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು? ಅದೇ ವರ್ಷದ ಕೊನೆಗೆ ಸಂಡೂರು ಉಪಚುನಾವಣೆಯಲ್ಲಿ ತುಕಾರಾಂ ಅವರ ಪತ್ನಿ ಅನ್ನಪೂರ್ಣ ಗೆದ್ದ ಅಂತರ 9,649. ವ್ಯಕ್ತಿಬಲದ ವಾದಕ್ಕೆ ಇದು ಪೂರಕವೋ ಮಾರಕವೋ ಎಂಬುದನ್ನು ಎರಡು ರೀತಿಯಲ್ಲೂ ಓದಬಹುದು.

ಮೂರನೆಯದು ಗೆರೆಗಳದು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಒಂದು ಲೋಕಸಭಾ ಕ್ಷೇತ್ರ ಈಗ ಎರಡು ಜಿಲ್ಲೆಗಳ ಮೇಲೆ ಹರಡಿದೆ. ಮುಂದಿನ ಪುನರ್‌ವಿಂಗಡಣೆಯಲ್ಲಿ ಅದರ ಆಕಾರ ಮತ್ತೆ ಬದಲಾಗಬಹುದು.

ಈ ಪ್ರಶ್ನೆಗಳಿಗೆ ಉತ್ತರ ಟಿವಿ ಚರ್ಚೆಯಲ್ಲಿ ಸಿಗುವುದಿಲ್ಲ. ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತೆಂಬ ವಿವರ ಚುನಾವಣಾ ಆಯೋಗದ ನಮೂನೆ 20ರಲ್ಲಿ ಇರುತ್ತದೆ. ಉಗ್ರಪ್ಪ ಗೆದ್ದ ನವೆಂಬರಿನ ಹಾಳೆಗಳನ್ನೂ ಅವರು ಸೋತ 2019ರ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ಊರೂರಿನ ಲೆಕ್ಕ ತೆಗೆಯಲು ದೊಡ್ಡ ಅನುದಾನ ಬೇಕಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ಕ್ಷೇತ್ರದೊಳಗೇ ಇದೆ; ಬಳ್ಳಾರಿಯಲ್ಲಿ ಶ್ರೀಕೃಷ್ಣದೇವರಾಯರ ಹೆಸರಿನ ವಿಶ್ವವಿದ್ಯಾಲಯವಿದೆ. ಅಲ್ಲಿನ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು, ಅಧ್ಯಾಪಕರು ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ. ಬಳ್ಳಾರಿಯ ಮತದಾರರು ಹಣಕ್ಕೆ ಮಾರಿಕೊಂಡವರೆಂಬ ಮಾತನ್ನು ಇಡೀ ನಾಡು ಎರಡು ದಶಕಗಳಿಂದ ಹೇಳುತ್ತ ಬಂದಿದೆ. ಲೆಕ್ಕ ನೋಡದೆ ಇನ್ನು ಮುಂದೆ ಯಾರೂ ಆ ಮಾತು ಹೇಳಬಾರದು.